ಎದೆಹಾಲಿಗೆ ವಿಷ ಎಷ್ಟು ಇಳಿಯುತ್ತದೆ? ಹೀಗೆ ಲೆಕ್ಕ ಹಾಕಿ

ತೊಗರಿ ಹೂವಾಡುವಾಗ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದು ನಮ್ಮ ಕಲಬುರಗಿ ಕಡೆ ಹೊಸದಲ್ಲ. ಆಳಂದದ ಹತ್ತಿರ ಇರುವ ನನ್ನ ತಂಗಿ, ಬಾಣಂತಿ, ಗಂಡ ಎಣ್ಣೆ ಹೊಡೆದು ಬಂದ ಅಂಗಿಯನ್ನು ಕೈಯಲ್ಲೇ ಒಗೆದು ಆಮೇಲೆ ಹೆದರಿ ಫೋನ್ ಮಾಡಿದ್ದಳು: "ಅಣ್ಣಾ, ಕೂಸಿಗೆ ಹಾಲು ಕುಡಸ್ಲೋ ಬ್ಯಾಡೋ?"

ಮೊದಲು ನೋಡಬೇಕಾದ್ದು, ಆ ವಿಷ ಕೊಬ್ಬಿನಲ್ಲಿ ಕರಗುತ್ತದೋ ನೀರಿನಲ್ಲೋ. ಡಿಡಿಟಿಯಂಥ ಹಳೆಯ ಕೀಟನಾಶಕಗಳು ಕೊಬ್ಬಿಗೆ ಅಂಟಿಕೊಳ್ಳುತ್ತವೆ. ಹೊಲಕ್ಕೆ ಡಿಡಿಟಿ ಹಾಕುವುದು 1989ರಲ್ಲೇ ನಿಷೇಧವಾಯಿತು, ಆದರೂ ಅದರ ಅಂಶ ಮಣ್ಣಿನಲ್ಲಿ, ಮೈಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ನೀರಿನಲ್ಲಿ ಕರಗುವ ಜಾತಿ, ಮೂತ್ರದಲ್ಲಿ ಬೇಗ ಹೋಗುತ್ತದೆ. ಹಾಗಂತ ಸುಮ್ನೆ ಮುಟ್ಟುವಂಥದ್ದಲ್ಲ, ಅದು ನೇರವಾಗಿ ತಾಯಿಯನ್ನೇ ಕೆಡವಬಲ್ಲದು.

ಕೊಬ್ಬಿಗೆ ಅಂಟುವ ವಿಷವಾದರೆ, ಆಮೇಲೆ ತಾಯಿಯ ಕೊಬ್ಬಿನಲ್ಲಿ ಎಷ್ಟಿದೆ ಅಂತ ತಿಳಿಯಬೇಕು. ರಕ್ತ ಪರೀಕ್ಷೆ ಮಾಡಿ, ರಕ್ತದ ಕೊಬ್ಬಿನ ಲೆಕ್ಕದಲ್ಲಿ ಹೇಳುತ್ತಾರೆ. ಹಾಲಿನ ಕೊಬ್ಬಿನಲ್ಲೂ ಸುಮಾರು ಅಷ್ಟೇ ಇರುತ್ತದೆ.

ಈಗ ಪೆನ್ಸಿಲ್ ಹಿಡಿಯಿರಿ. ಒಂದು ಕಿಲೋ ಕೊಬ್ಬಿಗೆ 100 ಮೈಕ್ರೋಗ್ರಾಂ (ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಗ್ರಾಂ) ಇದೆ ಅಂತ ಇಟ್ಟುಕೊಳ್ಳೋಣ. ಒಂದು ಲೀಟರ್ ಎದೆಹಾಲಿನಲ್ಲಿ ಕೊಬ್ಬು ಸುಮಾರು 40 ಗ್ರಾಂ, ಅಂದರೆ ವಿಷ 4 ಮೈಕ್ರೋಗ್ರಾಂ. ಕೂಸು ತನ್ನ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 150 ಮಿಲಿ ಕುಡಿಯುತ್ತದೆ. 5 ಕಿಲೋ ಕೂಸಿಗೆ 750 ಮಿಲಿ ಆಯಿತು, ಅದರಲ್ಲಿ ವಿಷ 3 ಮೈಕ್ರೋಗ್ರಾಂ, ತೂಕದ ಕಿಲೋಗೆ 0.6. ಇದನ್ನು ಆ ವಿಷಕ್ಕೆ ಹಾಕಿರುವ ದಿನದ ಮಿತಿಯ ಪಕ್ಕ ಇಟ್ಟು ನೋಡುತ್ತಾರೆ. ಇದು ಒಂದು ದಿನದ ಚಿತ್ರ ಅಷ್ಟೇ. ಹಾಲು ಕುಡಿಸುತ್ತಾ ಹೋದಂತೆ ತಾಯಿಯ ಮೈಯ ಸಂಗ್ರಹ ಇಳಿಯುತ್ತದೆ, ಹಾಗಾಗಿ ಚೊಚ್ಚಲ ಕೂಸಿಗೆ ಸಾಮಾನ್ಯವಾಗಿ ಜಾಸ್ತಿ, ಮುಂದಿನದಕ್ಕೆ ಕಡಿಮೆ.

ಈ ಲೆಕ್ಕ ಎಲ್ಲಕ್ಕೂ ಹೊಂದುವುದಿಲ್ಲ, ಇದೇ ಜನ ತಪ್ಪು ಮಾಡುವ ಜಾಗ. ಯಾದಗಿರಿಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿತ್ತು. ಆರ್ಸೆನಿಕ್ ಕೊಬ್ಬಿಗೆ ಅಂಟದು, ಎದೆಹಾಲಿಗೆ ಬಹಳ ಕಡಿಮೆ ಇಳಿಯುತ್ತದೆ. ಅಂಥ ಕಡೆ ಭಯಪಟ್ಟು ಹಾಲು ಬಿಡಿಸಿ, ಅದೇ ಬೋರ್‌ವೆಲ್ ನೀರಿನಲ್ಲಿ ಡಬ್ಬಿ ಹಾಲು ಕಲಸಿದರೆ ಕೂಸಿಗೆ ಜಾಸ್ತಿ ಆರ್ಸೆನಿಕ್ ನಾವೇ ಕೊಟ್ಟ ಹಾಗೆ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ.

ತಂಗಿಗೆ ಹೇಳಿದ್ದು ಇಷ್ಟೇ: ಡಾಕ್ಟರರ ಕಿವಿಗೊಂದು ಮಾತು ಹಾಕು, ಹಾಲು ಮಾತ್ರ ನಿಲ್ಲಿಸಬೇಡ. ಎಣ್ಣೆಯ ಅಂಗಿಯನ್ನು ಈಗ ಗಂಡನೇ ಒಗೆಯುತ್ತಾನೆ, ಅದಕ್ಕೊಂದು ಬೇರೆ ಬಕೆಟ್.