ನೆರೆಯವರ ಪರವಾಗಿ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆಯುವುದು ಹೇಗೆ?

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆ ಪ್ಯಾರಿಸ್‌ನಲ್ಲಿ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ 30 ವಿಧಿಗಳಿವೆ. ಮೊದಲ ವಿಧಿಯ ಕರಡಿನಲ್ಲಿ ‘ಪುರುಷರೆಲ್ಲರೂ’ ಎಂದು ಅರ್ಥ ಮಾಡಬಹುದಾದ ಪದವಿತ್ತು. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಅವರ ಒತ್ತಾಯದಿಂದ ಅದು ‘ಮಾನವರೆಲ್ಲರೂ’ ಎಂದಾಯಿತು. ನಮ್ಮಲ್ಲಿ ಈ ಹಕ್ಕುಗಳಿಗೆ ಆಧಾರ ಸಂವಿಧಾನ ಮತ್ತು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಜೀವ, ಸ್ವಾತಂತ್ರ್ಯ, ಸಮಾನತೆ ಮತ್ತು ಘನತೆಗೆ ಸಂಬಂಧಿಸಿದ ಹಕ್ಕುಗಳನ್ನು ಕಾಯ್ದೆ ಮಾನವ ಹಕ್ಕುಗಳೆಂದು ಕರೆಯುತ್ತದೆ.

ದೂರನ್ನು ಸಂತ್ರಸ್ತರೇ ಕೊಡಬೇಕೆಂದಿಲ್ಲ. ಅಕ್ಷರ ಬಾರದ, ಹೆದರಿದ ಅಥವಾ ಬಂಧನದಲ್ಲಿರುವ ವ್ಯಕ್ತಿಯ ಪರವಾಗಿ ಯಾರು ಬೇಕಾದರೂ ಕೊಡಬಹುದು. ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು. ಸಾಮಾನ್ಯ ನಾಗರಿಕರು ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಕಡಿಮೆ ಎಂದೇ ನನ್ನ ಅಭಿಪ್ರಾಯ.

ಬರೆಯುವ ಮುನ್ನ, ವಿಷಯ ಆಯೋಗದ ವ್ಯಾಪ್ತಿಗೆ ಬರುತ್ತದೆಯೇ ಎಂದು ನೋಡಿಕೊಳ್ಳಿ. ಸರ್ಕಾರಿ ನೌಕರರು ಹಕ್ಕನ್ನು ಉಲ್ಲಂಘಿಸಿರಬೇಕು, ಇಲ್ಲವೇ ಉಲ್ಲಂಘನೆಯನ್ನು ತಡೆಯದೆ ನಿರ್ಲಕ್ಷಿಸಿರಬೇಕು. ಇಟ್ಟಿಗೆ ಭಟ್ಟಿಯ ಮಾಲೀಕ ಮುಂಗಡದ ನೆಪದಲ್ಲಿ ಕುಟುಂಬವೊಂದನ್ನು ಹೊರಹೋಗಲು ಬಿಡುತ್ತಿಲ್ಲವೆಂದರೆ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಮೊದಲು ಜಿಲ್ಲಾಧಿಕಾರಿಗೋ ಉಪವಿಭಾಗಾಧಿಕಾರಿಗೋ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅವರು ಕ್ರಮ ಕೈಗೊಳ್ಳದಿದ್ದರೆ ಆ ಮುದ್ರೆಯೇ ನಿರ್ಲಕ್ಷ್ಯಕ್ಕೆ ಸಾಕ್ಷಿ. ಜಮೀನಿನ ವ್ಯಾಜ್ಯ, ನೌಕರಿಯ ಬಡ್ತಿ, ನ್ಯಾಯಾಲಯದಲ್ಲಿರುವ ಪ್ರಕರಣಗಳನ್ನು ಆಯೋಗ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಸಹಿ ಇಲ್ಲದ ಮೂಕರ್ಜಿಯ ಗತಿಯೂ ಅಷ್ಟೇ.

ಹೆಚ್ಚಿನ ದೂರುಗಳು ಸೋಲುವುದು ಬರವಣಿಗೆಯಲ್ಲಿ. ‘ಪೊಲೀಸರು ಅಮಾನುಷ ದೌರ್ಜನ್ಯ ಎಸಗಿದ್ದಾರೆ’ ಎಂಬ ವಾಕ್ಯದಲ್ಲಿ ಸಿಟ್ಟಿದೆ, ಸಂಗತಿ ಇಲ್ಲ. ‘4ನೇ ತಾರೀಖು ರಾತ್ರಿ 9 ಗಂಟೆಗೆ ಮನೆಯಿಂದ ಕರೆದೊಯ್ದರು, ಕಾರಣ ತಿಳಿಸಲಿಲ್ಲ, 6ನೇ ತಾರೀಖು ಮಧ್ಯಾಹ್ನದವರೆಗೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಿಲ್ಲ’ ಎಂದು ಬರೆದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಹಾಜರುಪಡಿಸಬೇಕೆನ್ನುವ ಸಂವಿಧಾನದ 22ನೇ ವಿಧಿಯ ಉಲ್ಲಂಘನೆ ತಾನಾಗಿಯೇ ಕಾಣುತ್ತದೆ. ಕಣ್ಣಾರೆ ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ. ಗಾಯದ ಪ್ರಮಾಣಪತ್ರ, ಫೋಟೊ ಇದ್ದರೆ ನಕಲು ಲಗತ್ತಿಸಿ, ಮೂಲಪ್ರತಿ ನಿಮ್ಮಲ್ಲೇ ಇರಲಿ. ಮುಖ್ಯವಾಗಿ, ಬರೆದದ್ದನ್ನು ಸಂತ್ರಸ್ತರಿಗೆ ಅಥವಾ ಅವರ ಮನೆಯವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ, ಏಕೆಂದರೆ ಊರಿನಲ್ಲಿ ಅದರ ಪರಿಣಾಮ ಎದುರಿಸಬೇಕಾದವರು ಅವರು.

ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ. ರಾಜ್ಯ ಆಯೋಗದ ಮುಂದಿರುವ ವಿಷಯವನ್ನು ರಾಷ್ಟ್ರೀಯ ಆಯೋಗ ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಆಯೋಗ ಪರಿಹಾರವನ್ನೋ ಕ್ರಮವನ್ನೋ ಶಿಫಾರಸು ಮಾಡುತ್ತದೆ. ಅದು ನ್ಯಾಯಾಲಯದ ಆದೇಶವಲ್ಲ, ಸಮಯವೂ ಹಿಡಿಯುತ್ತದೆ. ಆದ್ದರಿಂದ ವ್ಯಕ್ತಿ ಇನ್ನೂ ಠಾಣೆಯಲ್ಲೇ ಇದ್ದರೆ ಅಂಚೆಗೆ ಕಾಯದೆ, ಅದೇ ದಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ವಕೀಲರನ್ನು ಕೇಳಿ. ಬಂಧನದಲ್ಲಿರುವವರಿಗೆ ಆ ನೆರವು ಉಚಿತ.