ಆಲೆಮನೇಲಿ ವೆಲ್ಡಿಂಗ್ ಇದ್ರೆ ಮೊದಲು ರಚ್ಚು ಸರಿಸಿ

ಮಂಡ್ಯ ಕಡೆ ಆಲೆಮನೆ ನಡೆಸೋರಿಗೆ ಒಂದು ಮಾತು. ಗಾಣದ ರಿಪೇರಿಗೆ ವೆಲ್ಡರ್ ಬಂದಾಗ ಒಣ ರಚ್ಚನ್ನ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಕನಿಷ್ಠ 11 ಮೀಟರ್ ಆಚೆ ಸರಿಸಿ, ಕಿಡಿ ಅಷ್ಟು ದೂರ ಹಾರುತ್ತೆ. ಆಗದಿದ್ರೆ ತಗಡು ಅಡ್ಡ ಇಡಿ. ಪ್ಲಾಸ್ಟಿಕ್ ಟಾರ್ಪಾಲು ಮಾತ್ರ ಬೇಡ, ಅದೂ ಹತ್ಕೊಳ್ಳುತ್ತೆ.

ಹೋದ ವರ್ಷ ಕೆಲಸ ಮುಗೀತು ಅಂತ ಟೀಗೆ ಹೋಗಿದ್ವಿ. ಬಂದು ನೋಡಿದ್ರೆ ರಾಶಿ ಮೇಲೆ ಸಣ್ಣ ಹೊಗೆ, ಒಳಗೆ ಕೆಂಡ! ಬೆಂಕಿ ಆರಿಸೋ ಪೌಡರ್ ಸಿಲಿಂಡರ್ ಹೊಡೆದ್ವಿ, ನಿಂತಂಗಾಗಿ ಮತ್ತೆ ಶುರುವಾಯ್ತು. ಪೌಡರ್ ಉರಿ ಆರಿಸುತ್ತೆ, ಒಳಗಿನ ಕಾವು ಇಳಿಸಲ್ಲ. ಮೋಟರ್ ಮೇನ್ ಆಫ್ ಮಾಡಿ, ರಾಶಿ ಕೆದರಿ ನೀರು ಹುಯ್ದ ಮೇಲೇ ಆರಿದ್ದು.

ಈಗ ವೆಲ್ಡಿಂಗ್ ಮುಗಿದ್ರೂ ಒಂದು ಗಂಟೆ ಒಬ್ಬರನ್ನ ಅಲ್ಲೇ ಕೂರಿಸ್ತೀವಿ. ಬೆಂಕಿ ದೊಡ್ಡದಾದ್ರೆ ಸಾಹಸ ಬೇಡ, 112ಕ್ಕೆ ಫೋನ್ ಮಾಡಿ.