ಕುಂತವರ ಕಣ್ಣಿಗೆ ಜೋಡಿಸಿದ ಪಡಸಾಲೆ

ನಮ್ಮ ಕಡೆ ಮನೆಗೆ ಬಂದವರು ಸೋಫಾ ಇದ್ದರೂ ಜಮಖಾನೆ ಹಾಸಿದರೆ ಅದರ ಮೇಲೆಯೇ ಕೂಡುತ್ತಾರೆ. ಚಹಾ, ಚುರುಮುರಿ, ಲಗ್ನದ ಮಾತು, ಹೊಲದ ಮಾತು ಎಲ್ಲ ಕೆಳಗೆ ಕೂತೇ ನಡೆಯುತ್ತವೆ. ಆದರೆ ಅಂದಚೆಂದದ ಸಾಮಾನುಗಳನ್ನು ಮಾತ್ರ ನಿಂತವರ ಕಣ್ಣಿನ ಎತ್ತರಕ್ಕೆ ಇಟ್ಟಿರುತ್ತೇವೆ. ಕೂತವರಿಗೆ ಶೋಕೇಸಿನ ಹಲಗೆಯ ತಳ ಕಾಣುತ್ತದೆ, ಹಿತ್ತಾಳೆ ಕುದುರೆಯ ಹೊಟ್ಟೆ ಕಾಣುತ್ತದೆ. ಅದರ ಮುಖ ಕಾಣುವುದಿಲ್ಲ. ಬಾಗಲಕೋಟೆ ನವನಗರದ ನಮ್ಮ ಮನೆಯ ಪಡಸಾಲೆಯನ್ನು ಹೊಸದಾಗಿ ಜೋಡಿಸುವಾಗ ನಾನು ಗಟ್ಟಿಯಾಗಿ ಹಿಡಿದದ್ದು ಇದೊಂದೇ ಮಾತು: ಇಟ್ಟದ್ದು ಕುಂತವರ ಕಣ್ಣಿಗೆ ಬೀಳಬೇಕು.

ಇದನ್ನು ಹೇಳಿಕೊಟ್ಟವರು ನಮ್ಮ ಅತ್ತೆ. ಅವರು ಬಾಳಿದ ಮನೆ ಹಳೆಯ ಊರಿನಲ್ಲಿತ್ತು, ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋಯಿತು. ಕಲ್ಲು ಮಣ್ಣಿನ ದಪ್ಪ ಗೋಡೆ, ಗೋಡೆಯೊಳಗೇ ಮಾಡಗಳು, ಅಂದರೆ ಗೂಡುಗಳು. ಅಡುಗೆಮನೆಯಲ್ಲಿ ಉದ್ದಕ್ಕೂ ನಾಗಂದಿಗೆ, ಅದರ ಮೇಲೆ ಸಾಲಾಗಿ ತಾಮ್ರದ ಕೊಡ, ಹಿತ್ತಾಳೆ ಡಬರಿ. ನವನಗರಕ್ಕೆ ಬಂದಾಗ ಸಾಮಾನೆಲ್ಲ ಬಂದವು, ಇಡುವ ಜಾಗ ಬರಲಿಲ್ಲ. ಸೆಕ್ಟರಿನ ಮನೆಗಳ ಹೊರಗೋಡೆ 9 ಇಂಚು, ಒಳಗೋಡೆ ನಾಲ್ಕೂವರೆ. ಅದರಲ್ಲಿ ಮಾಡ ಕೊರೆಯುವುದು ಎಲ್ಲಿ ಬಂತು? ವರ್ಷಗಟ್ಟಲೆ ಸಾಮಾನು ಟ್ರಂಕಿನಲ್ಲೇ ಉಳಿದವು. ಗೋಡೆಗೆ ಹಲಗೆ ಹಾಕಿಸೋಣ ಎಂದು ನಾನು ಎತ್ತರ ತೋರಿಸಿದಾಗ ಅತ್ತೆ ಒಪ್ಪಲಿಲ್ಲ. “ಅಷ್ಟ ಮ್ಯಾಲ ಯಾಕವ್ವಾ? ಮಾಡ ಅಂದ್ರ ಕುಂತಲ್ಲೇ ಕೈಗೆ ಹತ್ತಬೇಕು. ನಮ್ಮ ಮನ್ಯಾಗ ಎದ್ದು ನಿಂತು ಯಾರೂ ದೀಪಾ ಹಚ್ಚತಿದ್ದಿಲ್ಲ” ಅಂದರು.

ಆಮೇಲೆ ನಾನು ಗೋಡೆಯ ಎದುರಿಗೆ ಜಮಖಾನೆ ಹಾಸಿಕೊಂಡು ಕೂತೆ, ನಮ್ಮ ಮನೆಯವರು ಟೇಪು ಹಿಡಿದರು. ಕೂತಾಗ ಕಣ್ಣಿನ ಎತ್ತರ ನೆಲದಿಂದ ಹೆಚ್ಚುಕಡಿಮೆ ಎರಡೂವರೆ ಅಡಿ. ಸಾಮಾನಿನ ಮುಖ ಆ ಎತ್ತರಕ್ಕೆ ಬರಬೇಕಾದರೆ ಹಲಗೆ ಎರಡು ಅಡಿಗೆ ಇರಬೇಕು. ಕಟ್ಟಿಗೆಯ ಬದಲು ಫರ್ಸಿಕಲ್ಲು ಹಾಕಿಸಿದೆ. ಗೆದ್ದಲಿನ ಭಯವಿಲ್ಲ, ಹಿತ್ತಾಳೆಯ ಭಾರಕ್ಕೂ ಬಗ್ಗುವುದಿಲ್ಲ. ಮುಂದಿನ ಅಂಚನ್ನು ಗುಂಡಗೆ ತಿಕ್ಕಿಸಿಕೊಳ್ಳಿ, ಈ ಎತ್ತರ ಈಗಷ್ಟೇ ನಡೆಯಲು ಕಲಿತ ಮಕ್ಕಳ ಮುಖಕ್ಕೆ ಬರುತ್ತದೆ.

ಜೋಡಿಸುವಾಗ ಹೆಚ್ಚಿನವರು ದೊಡ್ಡದು ಹಿಂದೆ, ಸಣ್ಣದು ಮುಂದೆ ಎಂದು ಇಡುತ್ತಾರೆ. ನಾನು ಯಾವುದರಿಂದ ಮಾಡಿದ್ದು ಎಂದು ನೋಡಿ ಬೇರೆ ಮಾಡಿದೆ. ಹಿತ್ತಾಳೆಯವು ಒಂದು ಕಡೆ, ಕಟ್ಟಿಗೆಯವು ಒಂದು ಕಡೆ. ನೋಟಕ್ಕೂ ಚೆಂದ, ಆದರೆ ಮುಖ್ಯ ಕಾರಣ ಸ್ವಚ್ಛ ಮಾಡುವ ಕೆಲಸ. ದೀಪದ ಸಮೆ, ನಂದಿ, ತಂಬಿಗೆಗಳಿಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಮುಗಿಯಿತು. ನಮ್ಮಲ್ಲಿ ಬೋರಿನ ನೀರು ಸೌಳು, ಹಾಗೇ ಒಣಗಲು ಬಿಟ್ಟರೆ ಬಿಳಿ ಚುಕ್ಕೆ ಬೀಳುತ್ತವೆ, ಆದ್ದರಿಂದ ತೊಳೆದ ಕೂಡಲೇ ಅರಿವೆಯಿಂದ ಒರೆಸಲೇಬೇಕು. ಬೀದರಿನ ಹೂದಾನಿಗೆ ಮಾತ್ರ ಹುಣಸೆಹಣ್ಣು ಮುಟ್ಟಿಸಬಾರದು. ಸತು ಮತ್ತು ತಾಮ್ರದ ಆ ಎರಕಕ್ಕೆ ಕಪ್ಪು ಬಣ್ಣ ಬರುವುದು ಬೀದರ ಕೋಟೆಯ ಮಣ್ಣಿನಿಂದ. ಹುಳಿ ತಿಕ್ಕಿದರೆ ಆ ಕಪ್ಪೇ ಕೆಡುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗಿನ ಬಟ್ಟೆಯಿಂದ ಉಜ್ಜಿದರೆ ಕಪ್ಪು ಗಾಢವಾಗಿ, ಬೆಳ್ಳಿಯ ಎಳೆ ಎದ್ದು ಕಾಣುತ್ತದೆ. ಕಟ್ಟಿಗೆಯಲ್ಲಿ ಮಾಡಿದ ಗೋಕಾಕಿನ ಬಣ್ಣದ ಹಣ್ಣು, ಕಿನ್ನಾಳದ ಗೊಂಬೆಗಳಿಗೆ ನೀರೇ ಬೇಡ. ಕಿನ್ನಾಳದ ಗೊಂಬೆಯ ಬಣ್ಣದ ಕೆಳಗೆ ಇರುವುದು ಹುಣಸೆಬೀಜದ ಅಂಟು. ಬಣ್ಣ ಹಚ್ಚುವ ಬ್ರಷ್‌ನಿಂದ ಧೂಳು ಕೊಡವಿದರೆ ಸಾಕು.

ಈ ಎಲ್ಲದರಲ್ಲಿ ನನಗೆ ಬಹಳ ಪ್ರೀತಿ ಸಕ್ಕರೆ ಆರತಿಯ ಅಚ್ಚುಗಳ ಮೇಲೆ. ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಎರೆಯುವ ಸಾಗವಾನಿ ಅಚ್ಚುಗಳು. ಆನೆ, ಒಂಟೆ, ನವಿಲು, ತೇರು. ಎರಡು ಹೋಳು ಕೂಡಿಸಿ ದಾರ ಸುತ್ತಿ ಇಟ್ಟರೆ ಬರೀ ಕಟ್ಟಿಗೆಯ ತುಂಡು, ಅದಕ್ಕೇ ಯಾರೂ ಇವನ್ನು ಹೊರಗೆ ಇಡುವುದಿಲ್ಲ. ನಾನು ದಾರ ಬಿಚ್ಚಿ ಎರಡೂ ಹೋಳನ್ನು ಪಕ್ಕಪಕ್ಕ ತೆರೆದು ಗೋಡೆಗೆ ಆನಿಸಿದೆ. ಒಂಟೆಯ ಡುಬ್ಬ, ಕೊರಳಿನ ಗಂಟೆ, ಆನೆಯ ಮೇಲಿನ ಜೂಲಿನ ಗೆರೆ ಎಲ್ಲವೂ ಒಳಮುಖವಾಗಿ ಕೆತ್ತಿದ್ದು. ಮೇಲಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅದು ತಗ್ಗಾಗಿಯೇ ಕಾಣುತ್ತಿತ್ತು. ಫರ್ಸಿಯ ಅಂಚಿನ ಹತ್ತಿರ ಒಂದು ಸಣ್ಣ ಎಲ್‌ಇಡಿ ಪಟ್ಟಿ ಇಟ್ಟು ಕೆಳಗಿನಿಂದ ಬೆಳಕು ಬೀಳುವಂತೆ ಮಾಡಿ, ಟ್ಯೂಬ್‌ಲೈಟ್ ಆರಿಸಿದೆ. ತಗ್ಗಿನಲ್ಲಿದ್ದ ಒಂಟೆ ಉಬ್ಬಿ ಹೊರಗೆ ಬಂದಂತೆ ಕಂಡಿತು! ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಎಂದೇ ನಮ್ಮ ಕಣ್ಣಿಗೆ ರೂಢಿ. ಕೆಳಗಿನಿಂದ ಬಂದಾಗ ನೆರಳು ತಿರುವುಮುರುವಾಗಿ ತಗ್ಗು ಉಬ್ಬಾಗಿ ಕಾಣುತ್ತದೆ. ಓಣಿಯ ಹುಡುಗರು ಬಂದರೆ ಮುಟ್ಟಿ ನೋಡದೆ ಹೋಗುವುದಿಲ್ಲ, ನಾನೂ ಬೇಡ ಅನ್ನುವುದಿಲ್ಲ.

ಕುಪ್ಪಸಕ್ಕೆ ಬಳಸುವ ಗುಳೇದಗುಡ್ಡದ ಖಣವನ್ನು ಚೌಕಟ್ಟು ಹಾಕಿಸಿ ಕಿಟಕಿಯ ಎದುರಿನ ಗೋಡೆ ಬಿಟ್ಟು ಪಕ್ಕದ ಗೋಡೆಗೆ ಹಾಕಿದ್ದೇನೆ. ನಮ್ಮ ಬ್ಯಾಸಗಿ ಬಿಸಿಲು ರೇಷ್ಮೆಯ ಬಣ್ಣವನ್ನು ಉಳಿಸುವುದಿಲ್ಲ. ಹಳೆಯ ಇಳಕಲ್ ಸೀರೆಗಳ ಕೌದಿ ದಿವಾನದ ಮೇಲಿದೆ, ಅದನ್ನು ಗೋಡೆಗೆ ಏರಿಸಲು ನನಗೆ ಮನಸ್ಸಿಲ್ಲ. ಕೌದಿ ಹೊದೆಯುವ ವಸ್ತು.

ಮನೆಯವರು ಶಿಕ್ಷಕರಾಗಿದ್ದರು, ಸನ್ಮಾನದ ಮೊಮೆಂಟೊಗಳು ಒಂದು ಕಪಾಟು ತುಂಬ ಇದ್ದವು. ಅವನ್ನೆಲ್ಲ ಅವರ ಓದುವ ಕೋಣೆಗೆ ಕಳಿಸಿದೆ. ಗೌರವ ಕಡಿಮೆಯೆಂದಲ್ಲ, ಹೊಳೆಯುವ ಅಕ್ರಿಲಿಕ್ ಹಾಳೆ ಪಕ್ಕದಲ್ಲಿದ್ದರೆ ಹಿತ್ತಾಳೆಯ ಹೊಳಪು ಕಣ್ಣಿಗೇ ಬೀಳುವುದಿಲ್ಲ. ಬಸವಣ್ಣನವರ ಪಟ, ಜೇಬಿಲ್ಲದ ಬಿಳಿ ಅಂಗಿ ತೊಟ್ಟ ವಿಜಯಪುರದ ಸ್ವಾಮೀಜಿ ಸಿದ್ಧೇಶ್ವರ ಅಪ್ಪಗಳ ಪಟ ಮಾತ್ರ ಮೇಲೆಯೇ ಇವೆ. ಅವರನ್ನು ತಲೆ ಎತ್ತಿಯೇ ನೋಡಬೇಕು. ಸಾಮಾನು ಸಾಮಾನಿನ ನಡುವೆ ಅಂಗೈ ಹೋಗುವಷ್ಟು ಜಾಗ ಬಿಟ್ಟಿದ್ದೇನೆ. ಮಿಕ್ಕವು ಟ್ರಂಕಿನಲ್ಲಿವೆ, ಹಬ್ಬಕ್ಕೊಮ್ಮೆ ಅದಲುಬದಲು ಆಗುತ್ತವೆ.

ಒಂದು ಮೂಲೆ ಖಾಲಿ ಇಟ್ಟದ್ದು ಬೇಕೆಂದೇ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಮನೆಯಿಂದ ಮಣ್ಣಿನ ಎತ್ತಿನ ಜೋಡಿ, ಅವಕ್ಕೆ ಮೇವು ಹಾಕುವ ಗ್ವಾದಲಿ ಬಂದಾಗ ಅಲ್ಲಿ ಕೂಡುತ್ತವೆ. ಸುಡದ ಮಣ್ಣು, ಗುಲಗಂಜಿಯ ಕಣ್ಣು. ಫರ್ಸಿಯ ಮೇಲೆ ಹಾಗೇ ಇಟ್ಟರೆ ಮಳೆಗಾಲದ ತಂಪಿಗೆ ಕಾಲು ಬಿರಿಯುತ್ತವೆ. ಕೆಳಗೆ ಒಂದು ಹಿಡಿ ಜೋಳ ಹರವಿ ಅದರ ಮೇಲೆ ಇಡುತ್ತೇನೆ.

ಗೌರಿ ಹುಣ್ಣಿಮೆ ಬಂತೆಂದರೆ ಅಚ್ಚುಗಳು ಕೆಳಗಿಳಿದು ಅಡುಗೆಮನೆಗೆ ಹೋಗುತ್ತವೆ. ಪಾಕ ಅಂಟದಂತೆ ಮೊದಲು ನೀರಿನಲ್ಲಿ ನೆನೆಯಬೇಕು. ಎರೆದಾದ ಮೇಲೆ ಸೋಪು ಹಾಕದೆ ಬೆಚ್ಚನೆಯ ನೀರಿನಲ್ಲಿ ತೊಳೆದು, ಗೆರೆಗಳ ಒಳಗಿನ ಸಕ್ಕರೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ಫರ್ಸಿಗೆ ಏರಿಸಬೇಕು. ಬಿಸಿಲಿಗಿಟ್ಟರೆ ಕಟ್ಟಿಗೆ ಸೀಳುತ್ತದೆ. ಸಕ್ಕರೆ ಉಳಿದರೆ ಇರುವೆಗಳ ಸಾಲು ಪಡಸಾಲೆಯವರೆಗೆ ಬರುತ್ತದೆ.